ಇನ್ನೊಂದು ರಕ್ತದಾನಿ ಆ್ಯಪ್ ಬೇಡ ಮಾರಾಯ್ರೇ!

ಬರೆಯದೆ ಬಹಳ ದಿನ ಆಯ್ತು. ಕೆಲಸ, ರಿಲೀಸು, ಅದರ ಮೇಲೆ ಇನ್ನೊಂದು ರಿಲೀಸು... ಮಾಮೂಲಿ ನೆಪಗಳು. ಆದರೆ ಈ ವಾರ ಬರೆಯದೇ ಇದ್ದರೆ ಹೊಟ್ಟೆಯಲ್ಲಿರೋದು ಅರಗಲ್ಲ ಅನ್ನಿಸಿತು, ಅದಕ್ಕೇ ರಾತ್ರಿ ಹನ್ನೊಂದಕ್ಕೆ ಕಾಫಿ ಮಾಡಿಕೊಂಡು ಕೂತಿದ್ದೀನಿ.

ವಿಷಯ ಇಷ್ಟೇ. ನಮ್ಮ ಆಫೀಸಿನಲ್ಲಿ ವರ್ಷಕ್ಕೊಂದು ಸಲ ಹ್ಯಾಕಥಾನ್ ಅಂತ ನಡೆಯುತ್ತೆ. "ಸಮಾಜಕ್ಕಾಗಿ ತಂತ್ರಜ್ಞಾನ" ಅನ್ನೋದು ಈ ಸಲದ ಘೋಷಣೆ. ಪಕ್ಕದ ಟೀಮಿನ ನಾಲ್ಕು ಹುಡುಗರು ನನ್ನ ಹತ್ತಿರ ಬಂದು, "ರಕ್ತದಾನಿಗಳನ್ನು ಹುಡುಕೋ ಆ್ಯಪ್ ಮಾಡ್ತಿದೀವಿ, ನೀವು ಹನ್ನೊಂದು ಸಲ ರಕ್ತ ಕೊಟ್ಟಿದೀರಂತೆ, ನಮ್ಮ ಟೀಮಿಗೆ ಬನ್ನಿ" ಅಂದರು. ಏನೇನಿರುತ್ತಪ್ಪಾ ಅದರಲ್ಲಿ ಅಂತ ಕೇಳಿದೆ. ದಾನಿಗಳು ಹೆಸರು, ಗುಂಪು, ಫೋನ್ ನಂಬರ್ ಹಾಕ್ತಾರಂತೆ. ಬೇಕಾದವರು ಹುಡುಕ್ತಾರಂತೆ. ಮ್ಯಾಪಿನ ಮೇಲೆ ಕೆಂಪು ಚುಕ್ಕಿ ಬರುತ್ತಂತೆ. ಈ ಸಲ ಹೊಸದು ಏನಂದ್ರೆ ಎಐ ಇರುತ್ತಂತೆ!

ನಾನು ಬರಲ್ಲ ಅಂದೆ. ಬರದಿದ್ದರೆ ಬೇಡ, "ದಯವಿಟ್ಟು ಇದನ್ನ ಮಾಡಬೇಡಿ" ಅಂತಲೂ ಅಂದುಬಿಟ್ಟೆ. ಪಾಪ, ಅವರ ಮುಖ ಬಾಡಿಹೋಯ್ತು. ಒಬ್ಬ, "ಒಳ್ಳೇ ಕೆಲಸಕ್ಕೂ ಅಡ್ಡಗಾಲು ಹಾಕ್ತೀರಲ್ಲ ಸರ್" ಅಂದ. ಕ್ಯಾಂಟೀನಿನಲ್ಲಿ ನಿಂತು ಉತ್ತರ ಹೇಳೋಕಾಗಲಿಲ್ಲ. ಇದು ಆ ಉತ್ತರ.

ಮೊದಲು ನನ್ನ ತಪ್ಪೊಪ್ಪಿಗೆ. 2019ರಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಮತ್ತು ಇನ್ನು ಮೂವರು ಮಾಡಿದ್ದೂ ಇದೇ. "ಆನ್‌ಲೈನ್ ರಕ್ತನಿಧಿ ನಿರ್ವಹಣಾ ವ್ಯವಸ್ಥೆ". ಹೆಸರು ಕೇಳಿ ಹೆದರಬೇಡಿ, ಒಳಗೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಒಂದೇ ಒಂದು ಟೇಬಲ್. ನಮ್ಮ ಹಿಂದಿನ ಬ್ಯಾಚಿನವರು ಇದನ್ನೇ ಮಾಡಿದ್ದರು, ಮುಂದಿನವರೂ ಇದನ್ನೇ ಮಾಡಿದರು. ಕರ್ನಾಟಕದ ಯಾವ ಇಂಜಿನಿಯರಿಂಗ್ ಕಾಲೇಜಿಗೆ ಬೇಕಾದರೂ ಹೋಗಿ ನೋಡಿ, ಲೈಬ್ರರಿ ನಿರ್ವಹಣೆ, ಹಾಸ್ಟೆಲ್ ನಿರ್ವಹಣೆ, ರಕ್ತನಿಧಿ ನಿರ್ವಹಣೆ... ಈ ಮೂರು ಪ್ರಾಜೆಕ್ಟು ಇಲ್ಲದ ಬ್ಯಾಚು ಇರಲಾರದು.

ಆದರೆ ನಾವು ಸ್ವಲ್ಪ ಉತ್ಸಾಹಿಗಳು. ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ನಿಂತು, ಕ್ಲಾಸು ಕ್ಲಾಸಿಗೆ ಹೋಗಿ, ಸಾವಿರದ ನೂರಕ್ಕೂ ಹೆಚ್ಚು ಜನರ ಹೆಸರು ನಿಜವಾಗಿ ತುಂಬಿಸಿದ್ವಿ. ಶೀಲ್ಡ್ ಬಂತು. ಸೈಟನ್ನು ಉಚಿತ ಹೋಸ್ಟಿಗೆ ಹಾಕಿದ್ವಿ, ಒಂದು ವರ್ಷಕ್ಕೆ ಅದು ಸತ್ತುಹೋಯ್ತು. ಸಾಯೋ ಮುಂಚೆ ಯಾರೋ ಕೇಳಿದರು ಅಂತ ಇಡೀ ಟೇಬಲನ್ನು ಎಕ್ಸೆಲ್‌ಗೆ ಇಳಿಸಿ ಕೊಟ್ಟಿದ್ದೆ. ಒಳ್ಳೇ ಕೆಲಸ ಅಂದುಕೊಂಡೇ ಕೊಟ್ಟಿದ್ದು. ಆಮೇಲೆ ಅದನ್ನ ಮರೆತೂಬಿಟ್ಟೆ.

ಈಗ ಕಳೆದ ತಿಂಗಳ ಕಥೆ.

ನಮ್ಮ ದೊಡ್ಡಮ್ಮ ಸಾಗರದಿಂದ ಮಗನ ಮನೆಗೆ ಅಂತ ಬೆಂಗಳೂರಿಗೆ ಬಂದವರು ಬಚ್ಚಲಲ್ಲಿ ಜಾರಿಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಮಾರನೇ ದಿನ ಬೆಳಿಗ್ಗೆ ಆಪರೇಷನ್ನು. ಎರಡು ಯೂನಿಟ್ ರಕ್ತ ರೆಡಿ ಇರಬೇಕು, ನಮ್ಮಲ್ಲಿ ಇಲ್ಲ, ನೀವೇ ವ್ಯವಸ್ಥೆ ಮಾಡ್ಕೊಳ್ಳಿ ಅಂತ ಆಸ್ಪತ್ರೆಯವರು ಸಂಜೆ ಆರಕ್ಕೆ ಹೇಳಿದರು. ದೊಡ್ಡಮ್ಮನದು ಬಿ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಐದಾರು ಮಂದಿ ಮಾತ್ರ ನೆಗೆಟಿವ್ ಇರೋದು, ಅದರಲ್ಲಿ ಬಿ ಇನ್ನೂ ಕಡಿಮೆ. ಓ ನೆಗೆಟಿವ್ ಆದರೂ ನಡೆಯುತ್ತೆ, ಆದರೆ ಅದನ್ನ ತುರ್ತಿಗೆ ಅಂತ ಎಲ್ಲರೂ ಎತ್ತಿಟ್ಟುಕೊಂಡಿರ್ತಾರೆ.

ಅಣ್ಣ ಗಾಬರಿಯಾಗಿದ್ದ. ನಾನು ಸಾಫ್ಟ್‌ವೇರಿನವನಲ್ವಾ, ಧೈರ್ಯವಾಗಿ ಫೋನ್ ತೆಗೆದೆ. ಕೇಂದ್ರ ಸರ್ಕಾರದ ಇ-ರಕ್ತಕೋಶ್ ಅಂತ ಒಂದು ಪೋರ್ಟಲ್ ಇದೆ. ಸಿ-ಡ್ಯಾಕ್‌ನವರು ಮಾಡಿದ್ದು, 2016ರ ಏಪ್ರಿಲ್‌ನಲ್ಲಿ ಶುರುವಾಯ್ತು. ಯಾವ ಊರಿನ ಯಾವ ರಕ್ತಕೇಂದ್ರದಲ್ಲಿ ಯಾವ ಗುಂಪಿನದು ಎಷ್ಟಿದೆ ಅಂತ ತೋರಿಸುತ್ತೆ. ನೋಡಿದೆ. ಏಳೆಂಟು ಕಿಲೋಮೀಟರ್ ದೂರದ ಒಂದು ಕೇಂದ್ರದಲ್ಲಿ ಬಿ ನೆಗೆಟಿವ್: 4. ಖುಷಿಯಾಗಿ ಬೈಕ್ ಹತ್ತಿದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆ ಏಳೆಂಟು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ.

ಅಲ್ಲಿ ಕೌಂಟರಿನಲ್ಲಿದ್ದ ಟೆಕ್ನೀಷಿಯನ್ ಮೇಡಂ ರಿಜಿಸ್ಟರ್ ತಿರುವಿ, "ಇಲ್ಲ ಸರ್" ಅಂದರು.

"ಮೇಡಂ, ನಾಲ್ಕು ಅಂತ ತೋರಿಸ್ತಾ ಇದೆಯಲ್ಲ?"

"ನಾಲ್ಕು ಇದೆ ಸರ್, ಫ್ರಿಜ್ಜಲ್ಲೇ ಇದೆ. ಆದ್ರೆ ನಾಲ್ಕೂ ಕ್ರಾಸ್‌ಮ್ಯಾಚ್ ಆಗಿ ಬೇರೆ ಪೇಷಂಟಿಗೆ ಇಟ್ಟಿರೋದು. ಕೊಡೋ ಹಾಗಿಲ್ಲ."

"ಹಾಗಾದ್ರೆ ಪೋರ್ಟಲ್ಲಿನಲ್ಲಿ ಯಾಕೆ..."

"ದಿನಕ್ಕೊಂದ್ಸಲ ನಾವೇ ಟೈಪ್ ಮಾಡಿ ಹಾಕೋದು ಸರ್. ಮೊದಲು ಈ ರಿಜಿಸ್ಟರಲ್ಲಿ ಬರೀಬೇಕು, ಆಮೇಲೆ ನಮ್ಮ ಆಸ್ಪತ್ರೆ ಸಾಫ್ಟ್‌ವೇರಲ್ಲಿ, ಆಮೇಲೆ ಪೋರ್ಟಲ್ಲಲ್ಲಿ. ಮೂರು ಕಡೆ. ರಾತ್ರಿ ಪಾಳಿಗೆ ನಾನೊಬ್ಳೇ ಇರೋದು."

ಆಯಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದರೆ ಅದು ನನ್ನ ಮೇಲೇ, ನಮ್ಮ ಜಾತಿಯವರ ಮೇಲೇ ಬರಬೇಕು. ಜಾತಿ ಅಂದ್ರೆ ಸಾಫ್ಟ್‌ವೇರ್ ಜಾತಿ!

ನಂಬರ್ ಬರೆದುಕೊಟ್ಟು ವಾಪಸ್ ಬಂದೆ. ಅಷ್ಟರಲ್ಲಿ ಅಣ್ಣ ಕಂಡ ಕಂಡ ವಾಟ್ಸಾಪ್ ಗ್ರೂಪಿಗೆಲ್ಲಾ ಹಾಕಿದ್ದ. ಯಾರೋ ಪುಣ್ಯಾತ್ಮರು "ಇದರಲ್ಲಿ ಟ್ರೈ ಮಾಡಿ" ಅಂತ ಒಂದು ಎಕ್ಸೆಲ್ ಫೈಲ್ ಕಳಿಸಿದ್ದರು. ತೆಗೆದು ನೋಡ್ತೀನಿ, ಮೂರನೇ ಕಾಲಂನ ಹೆಸರಲ್ಲಿ ಬ್ಲಡ್ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಒಂದೇ ಓ ಇದೆ. ಆ ಸ್ಪೆಲಿಂಗ್ ತಪ್ಪು ನಂದೇ. ವೈವಾ ದಿನ ಎಕ್ಸ್‌ಟರ್ನಲ್ ಅದಕ್ಕೇ ನನ್ನ ಮರ್ಯಾದೆ ತೆಗೆದಿದ್ದರು. ಸರಿಮಾಡೋಕೆ ಸೋಮಾರಿತನ ಮಾಡಿ ಹಾಗೇ ಬಿಟ್ಟಿದ್ದೆ. ಆರೇಳು ವರ್ಷ ಊರೂರು ಸುತ್ತಿ ನನ್ನ ಫೈಲು ನನ್ನ ಹತ್ತಿರಕ್ಕೇ ಬಂದಿತ್ತು.

ಬಿ ನೆಗೆಟಿವ್, ಓ ನೆಗೆಟಿವ್ ಸೋಸಿ ತೆಗೆದು ಒಟ್ಟು 23 ಜನಕ್ಕೆ ಫೋನ್ ಮಾಡಿದೆ. ಲೆಕ್ಕ ಕೇಳಿ. ಒಂಬತ್ತು ನಂಬರ್ ಚಾಲ್ತಿಯಲ್ಲಿಲ್ಲ ಅಥವಾ ಎತ್ತಲಿಲ್ಲ. ಏಳು ಜನ ಬೇರೆ ಊರಲ್ಲಿದ್ದರು, ಅದರಲ್ಲಿ ಒಬ್ಬ ಕೆನಡಾದಲ್ಲಿ. ಮೂವರು ರಕ್ತ ಕೊಟ್ಟು ಇನ್ನೂ ಮೂರು ತಿಂಗಳು ಆಗಿರಲಿಲ್ಲ. ಇಬ್ಬರ ಗುಂಪೇ ಬೇರೆ, ಆವತ್ತು ಗೊತ್ತಿಲ್ಲದೇ ಏನೋ ಬರೆಸಿದ್ದರಂತೆ. ಒಬ್ಬರು ಬೆಳಿಗ್ಗೆ ಬರ್ತೀನಿ ಅಂದರು. ಹೇಳಿದ ಹಾಗೇ ಹೊಸಕೋಟೆಯಿಂದ ಬೈಕಿನಲ್ಲಿ ಬಂದರು ಕೂಡ, ಅವರಿಗೆ ದೊಡ್ಡ ನಮಸ್ಕಾರ.

ಉಳಿದಿದ್ದು ಒಂದು. ಅದು ನನ್ನ ಜೂನಿಯರ್ ಒಬ್ಬನ ನಂಬರ್. ಅವನ ತಾಯಿ ಎತ್ತಿದರು. ನಾನು ಗಡಿಬಿಡಿಯಲ್ಲಿ ರಕ್ತ, ಬಿ ನೆಗೆಟಿವ್, ಅರ್ಜೆಂಟು ಅಂತೆಲ್ಲ ಒಂದೇ ಉಸಿರಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅವ್ನು ಕೋವಿಡ್‌ನಲ್ಲಿ ಹೋಗ್ಬಿಟ್ಟ ಕಣಪ್ಪಾ, ಇಪ್ಪತ್ತೊಂದರಲ್ಲಿ. ಈ ನಂಬರಿಗೆ ಈಗ್ಲೂ ಹಿಂಗೇ ಫೋನ್ ಬರ್ತಿರುತ್ತೆ. ಯಾರಿಗಾದ್ರೂ ಹೇಳಿ ತೆಗೆಸ್ತೀಯಾ ಮಗಾ?" ಅಂದರು.

ತೆಗೆಸ್ತೀನಿ ಅಮ್ಮಾ ಅಂದೆ. ಸುಳ್ಳು ಹೇಳಿದೆ. ಯಾವ ಡಿಲೀಟ್ ಬಟನ್ ಒತ್ತಲಿ ನಾನು? ಅದು ಎಷ್ಟು ಫೋನುಗಳಲ್ಲಿದೆಯೋ ಯಾರಿಗೆ ಗೊತ್ತು?

ಇದಾದ ಮೇಲೆ ಬೆಳಿಗ್ಗೆ ಎಂಟೂವರೆಗೆ ಆ ಟೆಕ್ನೀಷಿಯನ್ ಮೇಡಂ ತಾವೇ ಫೋನ್ ಮಾಡಿದರು. "ಸರ್, ಎರಡು ಯೂನಿಟ್ ಬಿಡುಗಡೆ ಆಗಿದೆ, ದೊಡ್ಡಮ್ಮನ ಸ್ಯಾಂಪಲ್ ತಗೊಂಡು ಬೇಗ ಬನ್ನಿ." ಆಗಿದ್ದೇನು ಗೊತ್ತಾ? ಆ ನಾಲ್ಕರಲ್ಲಿ ಎರಡು ಯೂನಿಟ್ ಯಾರಿಗೆ ಇಟ್ಟಿದ್ದರೋ, ಅವರ ಆಪರೇಷನ್ನು ಹಿಂದಿನ ದಿನ ಮಧ್ಯಾಹ್ನವೇ ಮುಗಿದಿತ್ತು. ರಕ್ತ ಬೇಕೇ ಆಗಿರಲಿಲ್ಲ. ಆದರೆ "ಇನ್ನು ಬೇಡ" ಅನ್ನೋ ಚೀಟಿ ವಾರ್ಡಿನಿಂದ ರಕ್ತಕೇಂದ್ರಕ್ಕೆ ಬಂದಿದ್ದು ಬೆಳಿಗ್ಗೆ! ಅಂದರೆ ನಾನು ಕೌಂಟರಿನಲ್ಲಿ ನಿಂತು ಬೇಡಿಕೊಳ್ತಾ ಇದ್ದಾಗ ದೊಡ್ಡಮ್ಮನ ರಕ್ತ ಹತ್ತು ಅಡಿ ದೂರದ ಫ್ರಿಜ್ಜಿನಲ್ಲೇ ಇತ್ತು. ನನಗೂ ಗೊತ್ತಿರಲಿಲ್ಲ, ಆ ಮೇಡಂಗೂ ಗೊತ್ತಿರಲಿಲ್ಲ, ಕಂಪ್ಯೂಟರಿಗಂತೂ ಗೊತ್ತೇ ಇರಲಿಲ್ಲ.

ಆಪರೇಷನ್ನು ಮಧ್ಯಾಹ್ನಕ್ಕೆ ಹೋಯ್ತು, ಚೆನ್ನಾಗಿ ಆಯ್ತು. ದೊಡ್ಡಮ್ಮ ಈಗ ವಾಕರ್ ಹಿಡಿದು ಓಡಾಡ್ತಾ, ಬಚ್ಚಲಿಗೆ ಟೈಲ್ಸ್ ಹಾಕಿಸಿದವರನ್ನ ಬೈತಾ ಇದ್ದಾರೆ.

ಈಗ ಹೇಳಿ, ಆವತ್ತು ರಾತ್ರಿ ಕೊರತೆ ಇದ್ದದ್ದು ಯಾವುದರದು? ದಾನಿಗಳದಾ? ಅಲ್ಲ. ರಕ್ತದ್ದಾ? ಅದೂ ಅಲ್ಲ. ಕೊರತೆ ಇದ್ದದ್ದು ಒಂದು ಸಣ್ಣ ಸುದ್ದಿಯದು. ಮಧ್ಯಾಹ್ನ ಮೂರು ಗಂಟೆಗೆ ವಾರ್ಡಿನಲ್ಲಿ ಗೊತ್ತಿದ್ದದ್ದು ಅದೇ ಕಟ್ಟಡದ ರಕ್ತಕೇಂದ್ರಕ್ಕೆ ತಲುಪೋಕೆ ಹದಿನೇಳು ಗಂಟೆ ಬೇಕಾಯ್ತು. ಇದನ್ನು ಸರಿಮಾಡೋದು ಕಂಪ್ಯೂಟರಿನ ಕೆಲಸ. ನಾವು ಮಾತ್ರ ಎಪ್ಪತ್ತೈದನೇ ದಾನಿಗಳ ಪಟ್ಟಿ ಮಾಡ್ತಾ ಕೂತಿದೀವಿ.

ಈ ಪಟ್ಟಿಗಳ ಮೇಲೆ ನನಗೆ ಯಾಕಿಷ್ಟು ಕೋಪ ಅಂತೀರಾ?

ಮೊದಲನೆಯದು, ಅದು ಕೊಳೆಯೋ ಮಾಲು. ನಮ್ಮ ದೇಶದ ನಿಯಮದ ಪ್ರಕಾರ ಗಂಡಸರು ಒಂದು ಸಲ ಕೊಟ್ಟರೆ 90 ದಿನ, ಹೆಂಗಸರು 120 ದಿನ ಮತ್ತೆ ಕೊಡೋ ಹಾಗಿಲ್ಲ. ಹಿಮೋಗ್ಲೋಬಿನ್ 12.5 ಇರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಜ್ವರ ಬಂದಿರಬಾರದು, ಇತ್ತೀಚೆಗೆ ಹಚ್ಚೆ ಹಾಕಿಸಿರಬಾರದು... ಅಂದರೆ "ದಾನಿ" ಅನ್ನೋದು ಮನುಷ್ಯನ ಶಾಶ್ವತ ಗುಣ ಅಲ್ಲ, ಇವತ್ತು ಹೌದು ನಾಳೆ ಅಲ್ಲ. ಅದನ್ನ ಒಂದು ಸಲ ಬರೆದಿಟ್ಟು ಆರು ವರ್ಷ ಓದಿದರೆ ಸಿಗೋದು ನನಗೆ ಸಿಕ್ಕ ಲೆಕ್ಕವೇ.

ಎರಡನೆಯದು, ಅದು ಅಪಾಯದ ಮಾಲು. ನಮ್ಮ ಪಟ್ಟಿಯಲ್ಲಿ ಹುಡುಗಿಯರ ನಂಬರೂ ಇದ್ದವು. ಕ್ಲಾಸ್‌ಮೇಟ್ ಒಬ್ಬಳಿಗೆ ಮಧ್ಯರಾತ್ರಿ "ಹಾಯ್, ನಿಮ್ಮ ಬ್ಲಡ್ ಗ್ರೂಪ್ ಚೆನ್ನಾಗಿದೆ" ಅಂತ ಮೆಸೇಜು ಬರೋಕೆ ಶುರುವಾಗಿ, ಕೊನೆಗೆ ಅವಳು ನಂಬರ್ ಬದಲಾಯಿಸಿದಳು. ಈಗಲೂ ರಕ್ತ ಕೊಡ್ತಾಳೆ, ಆದರೆ ಎಲ್ಲೂ ಹೆಸರು ಬರೆಸಲ್ಲ. ನಮ್ಮ "ಸಮಾಜಸೇವೆ" ಒಬ್ಬ ಒಳ್ಳೇ ದಾನಿಯನ್ನ ಹೀಗೆ ಓಡಿಸಿತು. ವೈಯಕ್ತಿಕ ಮಾಹಿತಿ ಕಾಪಾಡೋಕೆ ಅಂತ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಪಾಸು ಮಾಡಿದೆ. ನಮಗೆ ಮಾತ್ರ ಫೋನ್ ನಂಬರ್ ಅಂದ್ರೆ ಇನ್ನೂ ಪ್ರಸಾದ, ಕೈಚಾಚಿದವರಿಗೆಲ್ಲಾ ಹಂಚೋದು.

ಮೂರನೆಯದು, ಮತ್ತು ಇದೇ ಮುಖ್ಯ. ಈ ಆ್ಯಪುಗಳು ತಪ್ಪು ಅಭ್ಯಾಸಕ್ಕೆ ಎಣ್ಣೆ ಹಾಕುತ್ತವೆ. ರೋಗಿಯ ಕಡೆಯವರೇ ರಕ್ತ ಹುಡುಕಿ ತರಬೇಕು ಅನ್ನೋದು ಸರಿಯಾದ ಪದ್ಧತಿ ಅಲ್ಲವೇ ಅಲ್ಲ. ಒಂದು ಕಾಲದಲ್ಲಿ ಆಸ್ಪತ್ರೆ ಬಾಗಿಲಲ್ಲಿ ದುಡ್ಡಿಗೆ ರಕ್ತ ಮಾರುವವರು ನಿಂತಿರುತ್ತಿದ್ದರು. ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟು, 1998ರ ಜನವರಿಯಿಂದ ಅದು ನಿಷೇಧವಾಯ್ತು. 2002ರ ರಾಷ್ಟ್ರೀಯ ರಕ್ತ ನೀತಿ ಕೂಡ, ಸ್ವಇಚ್ಛೆಯಿಂದ ಬಂದು ಕೊಡುವ ದಾನಿಗಳ ರಕ್ತ ಮೊದಲೇ ಸಿದ್ಧ ಇರಬೇಕು, "ಬದಲಿಗೆ ಬದಲಿ" ಪದ್ಧತಿ ಹೋಗಬೇಕು ಅಂತಲೇ ಹೇಳಿದ್ದು. ಯಾಕಂದ್ರೆ ಮನೆಯವರ ಒತ್ತಡಕ್ಕೆ ಸಿಕ್ಕಿ ಕೊಡುವವನು ತನ್ನ ಕಾಯಿಲೆ ಮುಚ್ಚಿಡಬಹುದು. ದುಡ್ಡಿಗೆ "ಭಾವಮೈದ" ಆಗಿ ಬಂದವನೂ ಇರಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಹೊಸಕೋಟೆಯಿಂದ ಬಂದ ಪುಣ್ಯಾತ್ಮರ ರಕ್ತ ಆವತ್ತು ನಮ್ಮ ದೊಡ್ಡಮ್ಮನಿಗೆ ಹೋಗಲಿಲ್ಲ. ತೆಗೆದ ರಕ್ತವನ್ನ ಹಾಗೇ ಏರಿಸೋ ಹಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಅಂತ ಐದು ಪರೀಕ್ಷೆ ಆಗಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ. ಅವರ ರಕ್ತ ಇನ್ಯಾರಿಗೋ ಹೋಯ್ತು, ಒಳ್ಳೇದೇ ಆಯ್ತು. ಆದರೆ ಪ್ರಾಣ ಉಳಿಸೋದು ಯಾವತ್ತೂ ಮೊನ್ನೆ ಕೊಟ್ಟ, ಪರೀಕ್ಷೆ ಆಗಿ ಫ್ರಿಜ್ಜಿನಲ್ಲಿರೋ ರಕ್ತ. ರಾತ್ರಿ ಹನ್ನೊಂದಕ್ಕೆ ಮ್ಯಾಪಿನಲ್ಲಿ ಹುಡುಕಿ ಹಿಡಿದ ದಾನಿಯದಲ್ಲ. ಈ ಒಂದು ಸಾಲು ಅರ್ಥ ಆದರೆ ಮುಕ್ಕಾಲುಪಾಲು ಆ್ಯಪು ಯಾಕೆ ದಂಡ ಅಂತ ಅರ್ಥ ಆಗುತ್ತೆ.

ಹಾಗಾದ್ರೆ ಕಂಪ್ಯೂಟರ್ ಬೇಡ್ವಾ? ಬೇಕು ಸ್ವಾಮಿ, ಈಗಿರೋದಕ್ಕಿಂತ ಹತ್ತು ಪಟ್ಟು ಬೇಕು! ಆದರೆ ದಾನಿಯ ಹಿಂದೆ ಓಡೋಕಲ್ಲ, ಚೀಲದ ಹಿಂದೆ ಓಡೋಕೆ.

ಒಂದು ರಕ್ತದ ಚೀಲದ ಪ್ರಯಾಣ ನೋಡಿ. ನಿಮ್ಮಿಂದ 350 ಅಥವಾ 450 ಮಿಲಿಲೀಟರ್ ತೆಗೀತಾರೆ. ಜೊತೆಗೆ ಪರೀಕ್ಷೆಗೆ ಅಂತ ಸಣ್ಣ ಟ್ಯೂಬುಗಳಲ್ಲಿ ಸ್ವಲ್ಪ. ಚೀಲ ಸೆಂಟ್ರಿಫ್ಯೂಜಿಗೆ ಹೋಗಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಮೂರಾಗುತ್ತೆ. ಕೆಂಪುಕಣ 2ರಿಂದ 6 ಡಿಗ್ರಿಯಲ್ಲಿ, ಬಳಸಿದ ದ್ರಾವಣದ ಮೇಲೆ 35 ಅಥವಾ 42 ದಿನ. ಪ್ಲಾಸ್ಮಾ ಹೆಪ್ಪುಗಟ್ಟಿಸಿ ಇಟ್ಟರೆ ಒಂದು ವರ್ಷ. ಪ್ಲೇಟ್‌ಲೆಟ್ಟು ಮಾತ್ರ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡ್ತಾ ಇರೋ ಯಂತ್ರದ ಮೇಲೆ, ಬರೀ ಐದು ದಿನ. ಆಮೇಲೆ ಪರೀಕ್ಷೆ, ಲೇಬಲ್ಲು, ರೋಗಿಯ ಸ್ಯಾಂಪಲ್ ಜೊತೆ ಕ್ರಾಸ್‌ಮ್ಯಾಚು, ಕಾದಿರಿಸೋದು, ವಾರ್ಡಿಗೆ ಕೊಡೋದು, ಏರಿಸೋದು. ಒಂದು ಚೀಲ ಮೂರಾಗಿ, ಮೂರು ರೋಗಿಗಳಿಗೆ ಹೋಗಿ, ಕನಿಷ್ಠ ಹತ್ತು ಕೈ ದಾಟುತ್ತೆ. ಪ್ರತಿ ಕೈಯಲ್ಲೂ ಒಂದು ಪೆನ್ನು. ಪ್ರತಿ ಪೆನ್ನಿನಲ್ಲೂ ಒಂದು ತಪ್ಪು ಆಗಬಹುದು.

ಬೇರೆ ಗುಂಪಿನ ರಕ್ತ ಏರಿಸಿಬಿಟ್ಟು ಆಗೋ ಅನಾಹುತಗಳಿಗೆ ದೊಡ್ಡ ಕಾರಣ ಏನು ಅಂತ ಲೋಕದ ಎಲ್ಲಾ ಕಡೆ ನೋಡಿದ್ದಾರೆ. ಗುಂಪು ಪತ್ತೆ ಮಾಡೋ ಪರೀಕ್ಷೆ ತಪ್ಪಾಗೋದು ಅಪರೂಪ. ಗುರುತು ತಪ್ಪೋದೇ ಜಾಸ್ತಿ. ಪಕ್ಕದ ಹಾಸಿಗೆಯವರ ಸ್ಯಾಂಪಲ್ಲಿಗೆ ಇವರ ಹೆಸರು ಬರೆದಿರ್ತಾರೆ, ಒಂದೇ ಹೆಸರಿನ ಇಬ್ಬರು ವಾರ್ಡಿನಲ್ಲಿರ್ತಾರೆ. ನಮ್ಮೂರಲ್ಲಿ "ಲಕ್ಷ್ಮಮ್ಮ" ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡ್ತಾರೆ ಯೋಚಿಸಿ! ನಮ್ಮ ದೇಶದಲ್ಲೂ ಇಂಥವನ್ನೆಲ್ಲ ದಾಖಲಿಸೋಕೆ 2012ರ ಡಿಸೆಂಬರಿನಲ್ಲಿ ಹೀಮೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯ್ತು. ಆದರೆ ಆದ ಮೇಲೆ ಬರೆಯೋದಕ್ಕಿಂತ ಆಗದ ಹಾಗೆ ತಡೆಯೋದು ಮುಖ್ಯ ಅಲ್ವಾ? ರೋಗಿಯ ಕೈಪಟ್ಟಿಯಲ್ಲಿ ಒಂದು ಬಾರ್‌ಕೋಡು, ಚೀಲದ ಮೇಲೆ ಒಂದು ಬಾರ್‌ಕೋಡು, ಹಾಸಿಗೆ ಪಕ್ಕದಲ್ಲಿ ಎರಡನ್ನೂ ಸ್ಕ್ಯಾನ್ ಮಾಡಿ ಹೊಂದದಿದ್ದರೆ ಪೀಂ ಅಂತ ಕೂಗಿದರೆ ಮುಗೀತು. ರಕ್ತದ ಚೀಲಕ್ಕೆ ಅಂತಲೇ ಐಎಸ್‌ಬಿಟಿ 128 ಅನ್ನೋ ಅಂತರರಾಷ್ಟ್ರೀಯ ಲೇಬಲ್ ಪದ್ಧತಿ ಬಂದು ದಶಕಗಳೇ ಆದವು. ನಾವು ಹೊಸದಾಗಿ ಏನೂ ಕಂಡುಹಿಡೀಬೇಕಾಗಿಲ್ಲ.

ಇನ್ನು ದಾಸ್ತಾನಿನ ಮಾತು. ಗೋದಾಮಿನ ಸಾಫ್ಟ್‌ವೇರ್ ಬರೆದ ಯಾರನ್ನೇ ಕೇಳಿ, "ಕೈಯಲ್ಲಿರೋದು" ಬೇರೆ, "ಕೊಡಬಹುದಾದ್ದು" ಬೇರೆ ಅಂತ ಮೊದಲನೇ ವಾರದಲ್ಲೇ ಕಲೀತಾರೆ. ಮೊಬೈಲಿನಲ್ಲಿ ಕೊತ್ತಂಬರಿ ಕಟ್ಟು ಆರ್ಡರ್ ಮಾಡಿ ನೋಡಿ, ಇನ್ನೊಬ್ಬರು ಬುಕ್ ಮಾಡಿದ ಕಟ್ಟನ್ನ ನಿಮಗೆ ತೋರಿಸಲ್ಲ. ರೈಲಿನಲ್ಲಿ ಒಬ್ಬರು ಕ್ಯಾನ್ಸಲ್ ಮಾಡಿದ ಕ್ಷಣಕ್ಕೆ ವೇಟಿಂಗ್ ಲಿಸ್ಟಿನವರು ಮುಂದೆ ಸರೀತಾರೆ, ಇದು ನಾನು ಹುಟ್ಟೋಕೆ ಮುಂಚೆಯಿಂದ ನಡೀತಾ ಇದೆ. ಬರ್ತಿಗೆ ಇರೋ ಮರ್ಯಾದೆ ಬಿ ನೆಗೆಟಿವ್ ರಕ್ತಕ್ಕಿಲ್ಲ! ಇ-ರಕ್ತಕೋಶ್ ಒಳ್ಳೇ ಕೆಲಸ, ಅದನ್ನ ಹೀಗಳೆಯಲ್ಲ. ಆದರೆ ಯಾವ ಪೋರ್ಟಲ್ಲೂ ತನಗೆ ಉಣಿಸಿದ್ದಕ್ಕಿಂತ ತಾಜಾ ಇರೋಕೆ ಸಾಧ್ಯ ಇಲ್ಲ. ರಾತ್ರಿ ಪಾಳಿಯ ಒಬ್ಬ ಟೆಕ್ನೀಷಿಯನ್ ಮೂರು ಕಡೆ ಟೈಪ್ ಮಾಡಬೇಕು ಅಂದ್ರೆ ಅದು ಕಂಪ್ಯೂಟರೀಕರಣ ಅಲ್ಲ, ಕ್ಲರ್ಕ್ ಕೆಲಸಕ್ಕೆ ಸ್ಕ್ರೀನ್ ತಗುಲಿಸಿದ್ದು ಅಷ್ಟೇ.

ಇದರಿಂದ ಏನಾಗುತ್ತೆ? ಒಂದು ಕಡೆ ಕೊರತೆ, ಇನ್ನೊಂದು ಕಡೆ ಚರಂಡಿ. ಐದು ವರ್ಷಗಳಲ್ಲಿ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಯೂನಿಟ್ ರಕ್ತ ಮತ್ತು ಅದರ ಘಟಕಗಳನ್ನ ಎಸೆಯಲಾಗಿದೆ ಅಂತ ಮಾಹಿತಿ ಹಕ್ಕಿನಡಿ ಸಿಕ್ಕ ಲೆಕ್ಕ 2017ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಸೋಂಕು ಸಿಕ್ಕಿ ಎಸೆಯೋದು ಸರಿ, ಎಸೆಯಲೇಬೇಕು. ಆದರೆ ಅವಧಿ ಮುಗಿದು ಎಸೆಯೋದಿದೆಯಲ್ಲ, ಅದಕ್ಕೆ ಏನನ್ನೋದು? ರಜೆಯ ದಿನ, ಜಯಂತಿಯ ದಿನ ದೊಡ್ಡ ಶಿಬಿರ ಮಾಡಿ ಒಂದೇ ದಿನ ನೂರಾರು ಯೂನಿಟ್ ತೆಗೆಯೋದು, ಫೋಟೋ ಹಾಕೋದು, ಐದನೇ ದಿನಕ್ಕೆ ಪ್ಲೇಟ್‌ಲೆಟ್ ಚೆಲ್ಲೋದು. ಯಾವ ವಾರ ಯಾವ ಗುಂಪು ಎಷ್ಟು ಬೇಕಾಗಬಹುದು, ಯಾವ ಚೀಲ ಮೊದಲು ಕೆಡುತ್ತೆ, ಪಕ್ಕದ ಕೇಂದ್ರಕ್ಕೆ ಯಾವುದು ಕಳಿಸಬೇಕು, ಇದನ್ನ ಹೇಳೋಕೆ ಎಐ ಕೂಡ ಬೇಡ. ಹತ್ತನೇ ಕ್ಲಾಸಿನ ಗಣಿತ ಸಾಕು. ಬೇಕಾಗಿರೋದು ನಂಬಬಹುದಾದ ಅಂಕಿ.

"ದುಡ್ಡೆಲ್ಲಿದೆ, ಕರೆಂಟೆಲ್ಲಿದೆ, ನಮ್ಮ ದೇಶದಲ್ಲಿ ಇದೆಲ್ಲ ಆಗೋ ಮಾತಾ?" ಅಂತೀರಾ? ಅದಕ್ಕೆ ನಮ್ಮೂರ ಹಾಲಿನ ಡೇರಿ ತೋರಿಸ್ತೀನಿ ಬನ್ನಿ. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡ್ಕೊಂಡು ಹೋದರೆ ಯಂತ್ರ ತೂಕ ಮಾಡುತ್ತೆ, ಜಿಡ್ಡು ಎಷ್ಟು ಅಂತ ಅಳೆಯುತ್ತೆ, ಸದಸ್ಯರ ನಂಬರು, ಲೀಟರು, ರೇಟು ಎಲ್ಲಾ ಹಾಕಿ ಚೀಟಿ ಮುದ್ರಿಸಿ ಕೈಗೆ ಕೊಡುತ್ತೆ. ಕರೆಂಟು ಹೋದರೆ ಬ್ಯಾಟರಿ ಇರುತ್ತೆ. ಹಳ್ಳಿಯಲ್ಲಿ ಒಂದು ಲೀಟರ್ ಹಾಲಿಗೆ ಇಷ್ಟು ಲೆಕ್ಕ ಇಡೋ ರಾಜ್ಯದಲ್ಲಿ, ನಗರದ ಮಧ್ಯದಲ್ಲಿ ಒಂದು ಚೀಲ ರಕ್ತವನ್ನ ಉದ್ದದ ರಿಜಿಸ್ಟರಿನಲ್ಲಿ ಗೀಟು ಎಳೆದು ಬರೀತೀವಿ ಅಂದ್ರೆ ಅದು ದುಡ್ಡಿನ ಪ್ರಶ್ನೆ ಅಲ್ಲ. ಹಾಲಿನ ಲೆಕ್ಕ ತಪ್ಪಿದರೆ ರೈತ ಅಲ್ಲೇ ಜಗಳ ಆಡ್ತಾನೆ. ರಕ್ತದ ಲೆಕ್ಕ ತಪ್ಪಿದರೆ ಜಗಳ ಆಡಬೇಕಾದವನು ಐಸಿಯುನಲ್ಲಿರ್ತಾನೆ. ವ್ಯತ್ಯಾಸ ಅಷ್ಟೇ.

ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ಅಂತಲೂ ನಾನು ಹೇಳ್ತಿಲ್ಲ. ರಕ್ತ ಕೊಡೋ ಮುಂಚೆ ಡಾಕ್ಟರೋ ಕೌನ್ಸೆಲರೋ ಎದುರು ಕೂತು ಕಾಯಿಲೆ ಕಸಾಲೆ ಕೇಳ್ತಾರಲ್ಲ, ಅಲ್ಲಿ ಮನುಷ್ಯರೇ ಬೇಕು. ಟಿಕ್ ಹಾಕೋ ಫಾರ್ಮಿಗೆ ಎಲ್ಲರೂ "ಇಲ್ಲ, ಇಲ್ಲ, ಇಲ್ಲ" ಅಂತಲೇ ಒತ್ತೋದು. ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್ ಸಂಖ್ಯೆ ನೋಡಿ ಊರೆಲ್ಲ ಮೆಸೇಜು ಹಾಕೋರನ್ನ ನೋಡಿದೀರಲ್ಲ, ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯೋವರೆಗೂ ಏರಿಸಬೇಕಾಗಿಲ್ಲ ಅಂತ ಮಾರ್ಗಸೂಚಿಗಳೇ ಹೇಳುತ್ತವೆ. ಅದನ್ನ ತೀರ್ಮಾನ ಮಾಡೋದು ಡಾಕ್ಟರು, ಕೌಂಟ್ ಮಾಡೋ ಯಂತ್ರ ಅಲ್ಲ, ವಾಟ್ಸಾಪಂತೂ ಅಲ್ಲವೇ ಅಲ್ಲ.

ದಾನಿಗಳ ವಿಷಯದಲ್ಲೂ ಕಂಪ್ಯೂಟರಿಗೆ ಚಂದದ ಕೆಲಸ ಇದೆ. ಸ್ವೀಡನ್ನಿನಲ್ಲಿ ನೀವು ಕೊಟ್ಟ ರಕ್ತ ರೋಗಿಯೊಬ್ಬರಿಗೆ ಬಳಕೆಯಾದಾಗ ನಿಮ್ಮ ಫೋನಿಗೊಂದು ಸಂದೇಶ ಬರುತ್ತೆ. ಎಷ್ಟು ಸಣ್ಣ ವಿಷಯ, ಎಷ್ಟು ದೊಡ್ಡ ವಿಷಯ ನೋಡಿ! ನಾನು ಹನ್ನೊಂದು ಸಲ ಕೊಟ್ಟಿದೀನಿ, ಹನ್ನೊಂದು ಸರ್ಟಿಫಿಕೇಟು, ಹನ್ನೊಂದು ಫ್ರೂಟಿ. ಒಂದು ಸಲವೂ "ನಿಮ್ಮ 90 ದಿನ ಮುಗೀತು, ಬನ್ನಿ" ಅಂತ ಯಾರೂ ಕರೆದಿಲ್ಲ. ಗೊತ್ತಿಲ್ಲದ ಸಾವಿರ ಜನರನ್ನ ಪಟ್ಟಿ ಮಾಡೋದಕ್ಕಿಂತ, ಒಂದು ಸಲ ಬಂದು ಕೊಟ್ಟವನನ್ನ ಎರಡನೇ ಸಲ ಕರೆಯೋದು ಸುಲಭ. ಅವನ ಗುಂಪು ಖಾತ್ರಿ ಇದೆ, ಪರೀಕ್ಷೆ ಆಗಿದೆ, ಅವನ ನಂಬರ್ ಕೇಂದ್ರದ ಹತ್ತಿರವೇ ಇದೆ.

ಹಾಗಾಗಿ ನನ್ನ ಬೇಡಿಕೆ ಪಟ್ಟಿ ಇದು:

1. ಸೂಜಿ ಚುಚ್ಚಿದ ಕ್ಷಣದಿಂದ ಏರಿಸೋ ಕ್ಷಣದವರೆಗೆ ಚೀಲಕ್ಕೆ ಒಂದೇ ಬಾರ್‌ಕೋಡು. ಒಂದು ಸಲ ಸ್ಕ್ಯಾನ್ ಆದದ್ದು ಎಲ್ಲಾ ಕಡೆ ತಾನಾಗೇ ಹೋಗಬೇಕು, ಮೂರು ಸಲ ಟೈಪ್ ಮಾಡಿಸಬೇಡಿ.

2. ಪೋರ್ಟಲ್ಲಿನಲ್ಲಿ "ಇರೋದು", "ಕೊಡಬಹುದಾದ್ದು" ಎರಡೂ ಬೇರೆ ಬೇರೆ ತೋರಿಸಿ, ಜೊತೆಗೆ ಆ ಅಂಕಿ ಎಷ್ಟು ಗಂಟೆಯದು ಅಂತಲೂ.

3. ಕಾದಿರಿಸಿದ ರಕ್ತಕ್ಕೆ ಗಡುವು ಹಾಕಿ. ಆಪರೇಷನ್ ಮುಗಿದ ತಕ್ಷಣ "ಇನ್ನೂ ಬೇಕಾ?" ಅಂತ ವಾರ್ಡಿಗೆ ಯಂತ್ರವೇ ಕೇಳಲಿ.

4. ದಾನಿಯ ನಂಬರ್ ಸಾರ್ವಜನಿಕರಿಗೆ ಯಾವ ಕಾರಣಕ್ಕೂ ಬೇಡ. ಕರೆಯೋದು ರಕ್ತಕೇಂದ್ರದ ಕೆಲಸ. ದಾನಿ ಬೇಡ ಅಂದರೆ ಒಂದೇ ಒತ್ತಿಗೆ ಹೆಸರು ಅಳಿಸಬೇಕು.

5. ಯಾವುದೇ ರಕ್ತದ ಮೆಸೇಜಿಗೆ ದಿನಾಂಕ, ಸಮಯ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಇದು ಸರ್ಕಾರಕ್ಕಲ್ಲ, ನಿಮಗೆ, ನನಗೆ.

ಇದನ್ನೇ ಹ್ಯಾಕಥಾನ್ ಹುಡುಗರಿಗೆ ಹೇಳಿದೆ. ಮೂರನೇದನ್ನ ಮಾಡಿ, ಟೆಕ್ನೀಷಿಯನ್ ಮೇಡಂ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ, ಒಂದು ರಾತ್ರಿ ಪಾಳಿ ಅವರ ಪಕ್ಕ ಕೂತು ನೋಡಿ ಅಂದೆ. ಒಬ್ಬ ಸ್ವಲ್ಪ ಯೋಚಿಸಿ, "ಸರ್, ಅದು ಡೆಮೊದಲ್ಲಿ ಚೆನ್ನಾಗಿ ಕಾಣಲ್ಲ" ಅಂದ. ಅವನು ಹೇಳಿದ್ದು ಸತ್ಯ. ವಾರ್ಡಿನಿಂದ ಒಂದು ಚೀಟಿ ಹದಿನೇಳು ಗಂಟೆ ಬೇಗ ಬಂದರೆ ಯಾವ ಸ್ಟೇಜಿನಲ್ಲೂ ಚಪ್ಪಾಳೆ ಬೀಳಲ್ಲ. ನಮಗೂ 2019ರಲ್ಲಿ ಶೀಲ್ಡ್ ಬಂದಿದ್ದು ಚೆನ್ನಾಗಿ ಕಾಣ್ತಿದ್ದಕ್ಕೇ. ಆದರೆ ಇನ್ನೊಬ್ಬ ಹುಡುಗ ಆಮೇಲೆ ಬಂದು, "ಶನಿವಾರ ಹೋಗೋಣ್ವಾ?" ಅಂತ ಮೆಲ್ಲಗೆ ಕೇಳಿದ್ದಾನೆ. ನೋಡೋಣ.

ಕೊನೆಗೆ ಒಂದು ಕೋರಿಕೆ. ಶಿವಮೊಗ್ಗ ಕಡೆಯ ಕಾಲೇಜಿನ ದಾನಿಗಳ ಎಕ್ಸೆಲ್ ಫೈಲು, ಸಾವಿರದ ನೂರು ಚಿಲ್ಲರೆ ಹೆಸರು, ಮೂರನೇ ಕಾಲಂನಲ್ಲಿ ಬ್ಲಡ್ ಅನ್ನೋದಕ್ಕೆ ಒಂದೇ ಓ... ನಿಮ್ಮ ಫೋನಿನಲ್ಲೋ, ಯಾವುದಾದರೂ ಗ್ರೂಪಿನಲ್ಲೋ ಕಂಡರೆ ದಯವಿಟ್ಟು ಅಳಿಸಿಬಿಡಿ. ಮುಂದಕ್ಕೆ ಕಳಿಸಬೇಡಿ. ಅದನ್ನ ಮಾಡಿದವನೇ ಕೇಳ್ತಾ ಇದೀನಿ. ಒಬ್ಬ ತಾಯಿಗೆ ತೆಗೆಸ್ತೀನಿ ಅಂತ ಮಾತು ಕೊಟ್ಟಿದೀನಿ, ನನ್ನ ಕೈಯಲ್ಲಿ ಉಳಿದಿರೋ ದಾರಿ ಇದೊಂದೇ.